ಎಡಗಡೆ ಮೂರನೆಯ ಕಂಬ

ಕುರುಗೋಡಿನಲ್ಲಿ ನನ್ನನ್ನು ಎಲ್ಲರೂ ಕೋಟೆ ಮಾಸ್ತರು ಎಂದೇ ಕರೆಯುತ್ತಾರೆ. ಯರ್ರಿಸ್ವಾಮಿ ಎಂಬ ಹೆಸರು ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಬಳ್ಳಾರಿ ಕೋಟೆಯ ಬಗ್ಗೆ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಪಾಠ ಮಾಡಿದವನು ನಾನು. ಯಾವ ಬಾಗಿಲು ಯಾವ ದಿಕ್ಕಿಗೆ, ಯಾವ ಬುರುಜಿನ ಮೇಲೆ ಯಾವ ತೋಪು, ಕೋಟೆ ಗೋಡೆಯ ಒಳಗಿರುವ ಬಿಷಪ್ಪರ ದೊಡ್ಡ ಚರ್ಚಿನಲ್ಲಿ ಗಂಟೆ ಹೊಡೆದರೆ ಎಲ್ಲಿಯವರೆಗೆ ಕೇಳುತ್ತದೆ, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದೆ. ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತಿತ್ತು. ಒಂದೇ ಒಂದು ಸಣ್ಣ ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ನಾನು ಆ ಕೋಟೆ ಹತ್ತಿರಲಿಲ್ಲ, ಆ ಚರ್ಚಿನೊಳಗೆ ಕಾಲಿಟ್ಟಿರಲಿಲ್ಲ.

ನನಗೆ ಎತ್ತರ ಎಂದರೆ ಆಗುವುದಿಲ್ಲ. ಸ್ಟೂಲು ಹತ್ತಿ ಬಲ್ಬು ಹಾಕಬೇಕಾದರೂ ಹೆಂಡತಿ ಮಂಜಮ್ಮ ಕೆಳಗಿನಿಂದ ಪಂಚೆ ಹಿಡಿದುಕೊಂಡು ನಿಲ್ಲಬೇಕು. ಪ್ರತಿ ವರ್ಷ ಶಾಲೆಯ ಪ್ರವಾಸಕ್ಕೆ ಬಳ್ಳಾರಿಗೆ ಹೋದಾಗ, "ಯಾರಾರ ಒಬ್ಬರು ಚೀಲ ಕಾಯಬೇಕಲ್ಲ, ನೀವು ಹೋಗಿ ಬರ್ರಿ" ಎಂದು ದೊಡ್ಡ ಮನಸ್ಸು ಮಾಡಿ ಬೇವಿನ ಮರದ ಕೆಳಗೆ ಕೂತುಬಿಡುತ್ತಿದ್ದೆ. ಡ್ರಿಲ್ ಮಾಸ್ತರು ಹೊನ್ನೂರಪ್ಪ ಮಕ್ಕಳಿಗೆ ಕೋಟೆ ಹತ್ತಿಸಿ, ಚರ್ಚು ತೋರಿಸಿ ಕರೆತರುವಷ್ಟರಲ್ಲಿ ನನ್ನದು ಒಂದು ಒಳ್ಳೆಯ ನಿದ್ದೆ ಮುಗಿದಿರುತ್ತಿತ್ತು. ಎಂಥ ತ್ಯಾಗಜೀವಿ ಎಂದು ಹೆಡ್‌ಮಾಸ್ತರು ಒಮ್ಮೆ ಸಭೆಯಲ್ಲಿ ಹೊಗಳಿದ್ದೂ ಉಂಟು. ನಾನು ಎದ್ದು ನಿಂತು ಕೈ ಮುಗಿದಿದ್ದೆ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಆದರೆ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ, ಎಂಬತ್ತೆಂಟರಲ್ಲಿ, ಕರೀಮಸಾಬನಿಗೆ ಒಂದು ಸುಳ್ಳು ಹೇಳಿದೆ.

ಕರೀಮಸಾಬ ಕಲ್ಲುಕುಟಿಗ, ನನ್ನದೇ ವಯಸ್ಸು. ಬಸ್ ನಿಲ್ದಾಣದ ಹಿಂದೆ ಅವನ ಅಂಗಡಿ. ಅಂಗಡಿ ಎಂದರೆ ಒಂದು ತಗಡಿನ ಚಪ್ಪರ, ಸುತ್ತ ಒರಳು, ಹೊಸ್ತಿಲು, ಗೋರಿಕಲ್ಲು. ಬಳ್ಳಾರಿಯ ಆ ದೊಡ್ಡ ಚರ್ಚಿನಲ್ಲಿ ತಾನು ಕಲ್ಲಿನ ಕೆಲಸ ಮಾಡಿದ್ದೇನೆ ಎಂದು ಅವನ ಅಜ್ಜ ಹೇಳುತ್ತಿದ್ದನಂತೆ. ಕಸುಬಿನವರು ಯಾರೂ ನಂಬುತ್ತಿರಲಿಲ್ಲ. "ನಿಮ್ಮಜ್ಜ ಅಲ್ಲಿ ಕಲ್ಲು ಕೆತ್ತಿಲ್ಲಪ್ಪ, ಕಲ್ಲು ಹೊತ್ತಾನ" ಎಂದು ಕರೀಮನನ್ನು ಕಾಡಿಸುತ್ತಿದ್ದರು. ಒಳ್ಳೆಯ ಕುಟಿಗ ತಾನು ಕೆತ್ತಿದ ಕಲ್ಲಿನಲ್ಲಿ ಎಲ್ಲಾದರೂ ಒಂದು ಗುರುತು ಬಿಟ್ಟಿರುತ್ತಾನೆ. ಪ್ರವಾಸದ ಬೆಳಿಗ್ಗೆ ಅವನು ಬಸ್ಸಿನ ಕಿಟಕಿ ಹಿಡಿದುಕೊಂಡು ಕೇಳಿದ್ದು ಅದನ್ನೇ. "ಮಾಸ್ತರ, ನಮ್ಮಜ್ಜನ ಗುರುತು ಏನಾರ ಐತೇನು, ಒಂದೀಟು ನೋಡ್ಕೊಂಡು ಬರ್ರಿ."

ಸಂಜೆ ಬಸ್ಸು ಬಂದಾಗ ಶಾಲೆಯ ಗೇಟಿನಲ್ಲಿ ನಿಂತಿದ್ದ. ತಲೆ, ಹುಬ್ಬು, ಮೀಸೆ, ಎಲ್ಲದರ ಮೇಲೂ ಕಲ್ಲಿನ ಪುಡಿ. ಮರೆತೆ ಎನ್ನಬಹುದಿತ್ತು. ಮಲಗಿಬಿಟ್ಟಿದ್ದೆ ಎಂದು ನಿಜವನ್ನೇ ಹೇಳಬಹುದಿತ್ತು. ಹೊಸ ಮಾಸ್ತರು, ಇಸ್ತ್ರಿ ಹಾಕಿದ ಶರ್ಟು, ಹಾಗೆಲ್ಲ ಹೇಗೆ ಹೇಳುವುದು? "ಐತಿ" ಅಂದೆ.

ಅಷ್ಟೇ ಅಂದಿದ್ದರೂ ಪಾರಾಗುತ್ತಿದ್ದೆನೋ ಏನೋ. ಒಂದು ಮಾತಿಗೆ ನಾಲ್ಕು ವಿವರ ಸೇರಿಸದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. "ಎಡಗಡಿ ಮೂರನೇ ಕಂಬ. ಎದಿ ಮಟ್ಟಕ್ಕ ಒಂದು ಹೂ. ಎಂಟು ಎಸಳು, ನಡುವ ಒಂದು ಚುಕ್ಕಿ. ಏನ್ ಕೈ ಅಂತೀ ನಿಮ್ಮಜ್ಜಂದು!" ಅಂದೆ. ಹೂವನ್ನು ಹಾಳೆಯ ಮೇಲೆ ಬಿಡಿಸಿಯೂ ಕೊಟ್ಟೆ. ಕರೀಮಸಾಬ ಆ ಹಾಳೆಯನ್ನು ಕಣ್ಣಿಗೊತ್ತಿಕೊಂಡ. ಆಗ ನನಗೆ ಪಾಪಪ್ರಜ್ಞೆ ಕಾಡಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಕಾಡಲಿಲ್ಲ. ಒಬ್ಬ ಬಡಪಾಯಿಗೆ ಸಂತೋಷ ಕೊಟ್ಟೆ ಎಂಬ ಹೆಮ್ಮೆಯಲ್ಲಿ ಎರಡು ರೊಟ್ಟಿ ಹೆಚ್ಚೇ ತಿಂದೆ.

ಮುಂದಿನ ವಾರ ಅವನು ಮಾಡಿದ ಹೊಸ್ತಿಲಿನ ನಡುವೆ ಎಂಟೆಸಳಿನ ಹೂ ಬಂತು. ಆಮೇಲೆ ಒರಳಿಗೆ ಬಂತು, ನಾಗರಕಲ್ಲಿಗೆ ಬಂತು, ಸಿರುಗುಪ್ಪದ ಅಕ್ಕಿ ಗಿರಣಿಯ ಬಾಗಿಲಿಗೆ ಬಂತು. "ಇದು ನಮ್ಮ ಮನಿತನದ ಹೂ, ನಮ್ಮಜ್ಜ ಚರ್ಚಿನ್ಯಾಗ ಕೆತ್ತಿದ್ದು, ಮಾಸ್ತರು ಕಣ್ಣಾರೆ ನೋಡ್ಯಾರ" ಎಂದು ಎಲ್ಲರಿಗೂ ಹೇಳುತ್ತಿದ್ದ. ಕಾಡಿಸುತ್ತಿದ್ದವರ ಬಾಯಿ ಮುಚ್ಚಿತು. ನಾನು ಮನೆ ಕಟ್ಟಿಸಿದಾಗ ನನಗೂ ಒಂದು ಹೊಸ್ತಿಲು ಉಡುಗೊರೆ ಕೊಟ್ಟ. ಅದರ ಹೂವಿಗೆ ಮಂಜಮ್ಮ ದಿನಾ ಬೆಳಿಗ್ಗೆ ಅರಿಶಿನ ಕುಂಕುಮ ಹಚ್ಚುತ್ತಾಳೆ. ನಾನು ದಿನಾ ನನ್ನ ಸುಳ್ಳನ್ನೇ ದಾಟಿಕೊಂಡು ಹಾಲು ತರಲು ಹೋಗುತ್ತೇನೆ.

ನಾಲ್ಕು ವರ್ಷದ ಹಿಂದೆ ಅವನ ಹೆಂಡತಿ ಕುಬ್ರಾಬಿ ತೀರಿಕೊಂಡಳು. ಅಷ್ಟರಲ್ಲಾಗಲೇ ಅವನ ಕೈ ನಡುಗುತ್ತಿತ್ತು. ಎರಡು ತಿಂಗಳು ಕೂತು ಅವಳ ಗೋರಿಕಲ್ಲು ಕೆತ್ತಿದ, ಮೇಲೆ ಅದೇ ಹೂ. ಊರಿನ ಉಳಿದ ಹೂಗಳನ್ನು ನೋಡಿ ನಾನು ಒಳಗೊಳಗೇ ನಕ್ಕು ಸುಮ್ಮನಾಗಬಲ್ಲೆ. ಆ ಒಂದು ಕಲ್ಲಿನ ಮುಂದೆ ನಿಂತಾಗ ಮಾತ್ರ ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಆಗಲಾದರೂ ಹೇಳಬಹುದಿತ್ತಲ್ಲ ಎಂದರೆ, ಸತ್ತ ಮನೆಯಲ್ಲಿ ಇದನ್ನೆಲ್ಲ ಹೇಳುವುದು ಸರಿಯಲ್ಲ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದೆ. ಇಂಥ ತೀರ್ಮಾನಗಳು ನನಗೆ ಬಹಳ ಬೇಗ ಹೊಳೆಯುತ್ತವೆ.

ಇಪ್ಪತ್ತೆಂಟು ಕಿಲೋಮೀಟರಿನ ಬಳ್ಳಾರಿಗೆ ಹೋಗಿ ಅವನೇ ಯಾಕೆ ನೋಡಲಿಲ್ಲ ಎಂದು ನೀವು ಕೇಳಬಹುದು. ನಾನು ಬಿಡಬೇಕಲ್ಲ! ಅವನು ಹೊರಟಾಗಲೆಲ್ಲ ಒಂದೊಂದು ಸಲ ಒಂದೊಂದು ಅಡ್ಡಿ ತರುತ್ತಿದ್ದೆ. ಬಣ್ಣ ಹಚ್ಚುತ್ತಿದ್ದಾರೆ, ಬಿಷಪ್ಪರು ಊರಲ್ಲಿಲ್ಲ, ಈಗ ಅವರ ಉಪವಾಸದ ಕಾಲ, ಮೊದಲೇ ಕಾಗದ ಬರೆದು ಕೇಳಬೇಕು, ಇತ್ಯಾದಿ. "ನೀವು ನೋಡೀರಲ್ಲ, ನಾ ನೋಡಿದಂಗ ಬಿಡ್ರಿ" ಎಂದು ಪಾಪ ಸುಮ್ಮನಾಗುತ್ತಿದ್ದ.

ಹೋದ ತಿಂಗಳು ಸಿರುಗುಪ್ಪದಲ್ಲಿ ಅವನ ಮಗಳು ಶಬನಂ ಹೊಸ ಮನೆಯ ಊಟಕ್ಕೆ ಕರೆದಿದ್ದಳು. ಅವಳ ಹೊಸ್ತಿಲಲ್ಲೂ ಹೂ. ಬಂದವರು ಯಾರೋ ಅದೇನೆಂದು ಕೇಳಿದರು, ಕರೀಮಸಾಬ ಕಥೆ ಹೇಳಿದ, ನಾನು ಬಿರಿಯಾನಿಯಲ್ಲಿ ಮುಖ ಹುದುಗಿಸಿಕೊಂಡೆ. ಅಳಿಯ ಅಕ್ರಮ್ ಬಾಡಿಗೆ ಕಾರು ಓಡಿಸುತ್ತಾನೆ. "ಮಂಗಳವಾರ ಗಾಡಿ ಖಾಲಿ ಐತಿ ಮಾವಾ, ಹೋಗೇಬಿಡೋಣ. ಮಾಸ್ತರೂ ಬರ್ಲಿ, ಅವರಿದ್ರ ಕಂಬ ಹುಡುಕೋ ಕೆಲಸ ಇಲ್ಲ" ಅಂದ.

"ಇನ್ನ ಉಳಿ ಹಿಡಿಯಾಕ ಆಗಂಗಿಲ್ಲ ಮಾಸ್ತರ" ಎಂದು ಕರೀಮಸಾಬ ಎರಡೂ ಕೈ ನನ್ನ ಮುಂದೆ ಚಾಚಿದ. ಬೆರಳುಗಳು ತಟತಟ ಅಲುಗುತ್ತಿದ್ದವು. "ಕಸುಬು ಬಿಡೋಕಿಂತ ಮದ್ಲು ಒಮ್ಮಿ ಅಜ್ಜನ ಹೂವಿನ ಮ್ಯಾಲ ಕೈ ಇಡಬೇಕು. ಕುಬ್ರಾಗೂ ತೋರಸ್ತೀನಿ ಅಂದಿದ್ದೆ, ಆಗಲಿಲ್ಲ."

ಮನೆಗೆ ಬಂದು ಮಂಜಮ್ಮನಿಗೆ ಮೊದಲ ಸಲ ನಿಜ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದವಳು ಅಲ್ಲೇ ಕೈ ನಿಲ್ಲಿಸಿದಳು. "ಅಯ್ಯ ನಿಮ್ಮ ಬಾಯಿಗಿಷ್ಟು! ಹಂಗಾರ ನಾ ಇಷ್ಟು ವರ್ಷ ಹೊಸ್ತಿಲಕ್ಕ ಕುಂಕುಮ ಹಚ್ಚಿದ್ದು ಯಾತಕ್ಕ?"

"ಹೊಸ್ತಿಲಂತೂ ಖರೇನ ಐತಲ್ಲ" ಅಂದೆ.

"ಈಗ ಹೋಗಿ ಕರೀಮಣ್ಣಗ ಹೇಳ್ರಿ."

"ಹೇಳ್ತೀನಿ. ಸಮಯ ನೋಡಿ ಹೇಳ್ತೀನಿ."

"ಮೂವತ್ತಾರು ವರ್ಷದಿಂದ ಸಮಯ ನೋಡಾಕ ಹತ್ತೀರಿ, ಕಣ್ಣು ನೋಯಲಿಲ್ಲೇನು ನಿಮಗ?"

ಮಂಗಳವಾರದ ಹೊತ್ತಿಗೆ ನಾನು ಒಂದು ಉಪಾಯ ಹೂಡಿದ್ದೆ. ಮೊದಲು ಕೋಟೆ ತೋರಿಸುವುದು. ಮೇಲಿನ ತುದಿಯವರೆಗೂ ಹತ್ತಿಸಿ, ಪ್ರತಿ ಕಲ್ಲಿಗೂ ಒಂದು ಕಥೆ ಹೇಳಿ, ಮಧ್ಯಾಹ್ನ ಚರ್ಚಿನ ಬಾಗಿಲು ಹಾಕುವವರೆಗೂ ಎಳೆಯುವುದು. ನಿಜ ಹೇಳುವುದಕ್ಕಿಂತ ಕೋಟೆ ಹತ್ತುವುದು ಸುಲಭ ಎಂದು ಅನ್ನಿಸಿತಲ್ಲ, ನನ್ನ ಬುದ್ಧಿ ಅಷ್ಟು.

ಕಾರು ಕೊಳಗಲ್ಲು ದಾಟುವಾಗಲೇ ಪಾಠ ಶುರು ಮಾಡಿದೆ. ಕೋಟೆಯ ಮೊದಲ ಬಾಗಿಲಿನಲ್ಲಿ ನಿಂತು ಫ್ರೆಂಚ್ ಇಂಜಿನಿಯರನ ಕಥೆ ಹೇಳಿದೆ. ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಎಂಬುದನ್ನು ಗಮನಿಸದೆ ಕೋಟೆ ಕಟ್ಟಿದನೆಂದು ಹೈದರಾಲಿ ಅವನನ್ನು ನೇಣಿಗೆ ಹಾಕಿಸಿದ ಎಂದು ನಮ್ಮ ಕಡೆ ಜನ ಹೇಳುತ್ತಾರೆ. "ಅಷ್ಟ್ ದೊಡ್ಡ ಗುಡ್ಡ ಕಾಣಲಿಲ್ಲೇನ್ರಿ ಅವಂಗ?" ಎಂದು ಅಕ್ರಮ್ ಕೇಳಿದ. "ಹೇಳಾಕ ಹೆದರಿರಬೇಕು" ಅಂದ ಕರೀಮಸಾಬ. ನಾನು ಕರ್ಚೀಫು ತೆಗೆದೆ.

ನಲವತ್ತನೆಯ ಮೆಟ್ಟಿಲಿಗೆ ಉಸಿರು ಹೋಯಿತು. ಅರವತ್ತನೆಯದಕ್ಕೆ ಅಪ್ಪಿತಪ್ಪಿ ಕೆಳಗೆ ನೋಡಿದೆ. ಊರಿಗೆ ಊರೇ ಗಿರ್ರೆಂದು ತಿರುಗಿ ನನ್ನ ಮೇಲೆ ಬರುತ್ತಿತ್ತು. ಅಲ್ಲೇ ಕುಕ್ಕರಗಾಲಿನಲ್ಲಿ ಕೂತೆ. ಆಮೇಲೆ ಕೈಯನ್ನೂ ಊರಿದೆ. ಕೋಟೆ ಮಾಸ್ತರು ನಾಲ್ಕು ಕಾಲಿನಲ್ಲಿ ನಿಂತದ್ದನ್ನು ಇಬ್ಬರು ಕಾಲೇಜು ಹುಡುಗಿಯರು ಮೊಬೈಲಿನಲ್ಲಿ ತೆಗೆದುಕೊಂಡರು.

"ಮಾಸ್ತರ, ನೀವು ವರ್ಷಾ ವರ್ಷಾ ಹತ್ತತಿದ್ರಲ್ಲ?" ಅಂದ ಅಕ್ರಮ್.

"ಆಗ ಇಷ್ಟು ಮೆಟ್ಟಿಲು ಇರಲಿಲ್ಲ" ಅಂದೆ.

ಕರೀಮಸಾಬ ಬಗ್ಗಿ ಮೆಟ್ಟಿಲು ಸವರಿ ನೋಡಿದ. "ಬಂಡೆಗಲ್ಲಿನ್ಯಾಗ ಕಡದ ಮೆಟ್ಲು ಮಾಸ್ತರ. ಬೆಳಿಯಂಗಿಲ್ಲ ಇವು." ಆಮೇಲೆ ನನ್ನ ಕೈ ಹಿಡಿದು ಎಬ್ಬಿಸಿದ. ನಡುಗುವ ಕೈಯೇ, ಆದರೂ ಹಿಡಿತ ಕಬ್ಬಿಣ. "ಕೆಳಗ ನೋಡಬ್ಯಾಡ್ರಿ, ನನ್ನ ಬೆನ್ನು ನೋಡ್ಕೊಂತ ಇಳೀರಿ. ವಯಸ್ಸಾತು, ಅದರಾಗ ನಾಚೂದು ಏನೈತಿ? ಕೋಟಿ ಸಾಕು, ಚರ್ಚಿಗೆ ಹೋಗೋಣ ನಡ್ರಿ." ಅವನು ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದಾಗ, ಇಂಥವನಿಗೆ ಮೋಸ ಮಾಡಿದೆನಲ್ಲ ಎಂದುಕೊಂಡೆ. ಆದರೂ ಗಡಿಯಾರ ನೋಡಿದೆ, ಇನ್ನೂ ಹತ್ತೂವರೆ.

ಮಂಗಳವಾರ, ಕಳೆದದ್ದನ್ನು ಹುಡುಕಿಕೊಡುವ ಅಂತೋಣಿ ಸಂತರ ದಿನವಂತೆ. ಚರ್ಚಿನ ಹೊರಗೆ ಚಪ್ಪಲಿಗಳ ರಾಶಿ. ಕುಂಕುಮದವರು, ಬುರ್ಖಾದವರು, ಎಲ್ಲರೂ ಮೇಣದಬತ್ತಿ ಹಿಡಿದು ನಿಂತಿದ್ದರು. ಮೆಟ್ಟಿಲು ಗುಡಿಸುತ್ತಿದ್ದ ಹೆಂಗಸು ನಮ್ಮನ್ನು ನೋಡಿ, "ಏನ್ ಕಳ್ಕೊಂಡೀರಿ? ಮಂಗಳವಾರ ಬರೋರೆಲ್ಲ ಏನಾರ ಕಳ್ಕೊಂಡೇ ಬರ್ತಾರ" ಅಂದಳು.

"ಕಳ್ಕೊಂಡಿಲ್ಲವ್ವಾ, ನಮ್ಮದೊಂದು ಇಲ್ಲೇ ಐತಿ. ನೋಡಾಕ ಬಂದೀವಿ" ಅಂದ ಕರೀಮಸಾಬ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಟೋಪಿ ಸರಿಮಾಡಿಕೊಂಡ, ಬಲಗಾಲಿಟ್ಟು ಒಳಗೆ ಹೋದ.

ಎಂಥ ಎತ್ತರ ಅದು! ಬಣ್ಣದ ಗಾಜಿನಿಂದ ಬಿದ್ದ ಬೆಳಕು ಬೆಂಚುಗಳ ಮೇಲೆ ಕೆಂಪಾಗಿ, ನೀಲಿಯಾಗಿ ಹರಡಿತ್ತು. ಕಾಲಿಗೆ ನೆಲ ತಣ್ಣಗೆ, ಮೂಗಿಗೆ ಮೇಣದ ವಾಸನೆ. ಇಷ್ಟು ಚೆಂದದ್ದನ್ನು ಇಲ್ಲಿಟ್ಟುಕೊಂಡು ಮೂವತ್ತನಾಲ್ಕು ಸಲ ಬೇವಿನ ಮರದ ಕೆಳಗೆ ಗೊರಕೆ ಹೊಡೆದೆನಲ್ಲ ಎಂದು ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಕರೀಮಸಾಬ ಆ ಕಡೆ ಈ ಕಡೆ ನೋಡಲಿಲ್ಲ. ಬೆರಳು ಮಾಡಿ ಎಣಿಸಿಕೊಂಡು ನೇರ ಎಡಗಡೆಯ ಮೂರನೆಯ ಕಂಬದ ಮುಂದೆ ನಿಂತ.

ಕಂಬ ನುಣ್ಣಗಿತ್ತು. ಗಾರೆ, ಅದರ ಮೇಲೆ ಕೆನೆ ಬಣ್ಣ.

"ಬಣ್ಣ ಬಳಿದಾರ ಮಾಸ್ತರ. ಅದಕ್ಕ ಕಾಣವಲ್ದು" ಅಂದ. ನನಗೆ ದೇವರೇ ಬಂದು ದಾರಿ ತೋರಿಸಿದಂತಾಯಿತು, ಯಾವ ದೇವರೋ ಗೊತ್ತಿಲ್ಲ. ಹೌದು, ಒಳಗೆ ಹೋಗಿಬಿಟ್ಟಿದೆ, ಏನು ಮಾಡುವುದು, ಕಾಲಧರ್ಮ ಎಂದು ಹೇಳಿ ಮುಗಿಸಬಹುದಿತ್ತು. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಅವನು ಕಣ್ಣು ಮುಚ್ಚಿ ಎರಡೂ ಅಂಗೈಯಿಂದ ಕಂಬವನ್ನು ತಡವತೊಡಗಿದ. ಎದೆಯ ಮಟ್ಟದಲ್ಲಿ, ಆಮೇಲೆ ಕೆಳಗೆ, ಆಮೇಲೆ ಮಂಡಿಯೂರಿ ಬುಡದಲ್ಲಿ. ಎರಡನೆಯ ಕಂಬಕ್ಕೆ ಹೋದ. ನಾಲ್ಕನೆಯದಕ್ಕೆ ಬಂದ. ಪ್ರಾರ್ಥನೆಗೆ ಕೂತವರು ಸರಿದು ಜಾಗ ಬಿಟ್ಟರು. ಮತ್ತೆ ಮೂರನೆಯದಕ್ಕೆ ಬಂದು ಕಿವಿಯಿಟ್ಟು ಬೆರಳ ಗೆಣ್ಣಿನಿಂದ ಟಕಟಕ ಬಡಿದು ನೋಡಿದ. ಇನ್ನೊಂದು ಕಡೆ ಬಡಿದ. ಹಾಗೆಯೇ ಬೆಂಚಿನ ಮೇಲೆ ಕುಸಿದು ಕೂತ.

"ಇದು ಕಲ್ಲಲ್ಲ ಮಾಸ್ತರ. ಒಳಗ ಇಟ್ಟಿಗಿ ಐತಿ. ಎಲ್ಲಾ ಕಂಬನೂ ಇಟ್ಟಿಗಿ."

ನಾನು ಕಂಬವನ್ನು ಮುಟ್ಟಿ ನೋಡಿದೆ.

"ಇಟ್ಟಿಗಿ ಮ್ಯಾಲ ಯಾರೂ ಹೂ ಕೆತ್ತಂಗಿಲ್ಲ. ನೀವು ನೋಡಿದ್ದು ಗಾರಿಯಾಗ ಯಾರೋ ಗೀಚಿದ್ದಿರಬೇಕು. ಅಂದ್ರ ಮಂದಿ ಹೇಳಿದ್ದ ಖರೆ. ನಮ್ಮಜ್ಜ ಸುಳ್ಳು ಹೇಳ್ಯಾನ." ಅವನ ದನಿ ಒಡೆಯಿತು. "ಗಾರಿ ಹೊತ್ತಾನ, ಕಲ್ಲು ಕೆತ್ತೀನಿ ಅಂದಾನ. ಮುದುಕ, ಸುಳ್ಳ!"

ಚರ್ಚಿನಲ್ಲಿ ತಪ್ಪೊಪ್ಪಿಗೆಗೆ ಒಂದು ಮರದ ಗೂಡು ಇರುತ್ತದೆ ಎಂದು ನಾನೇ ಪಾಠ ಮಾಡಿದ್ದೇನೆ. ಅದರೊಳಗೆ ಪರದೆಯ ಹಿಂದೆ ಕೂತು ಹೇಳುವಂತಿದ್ದರೆ ನನ್ನಂಥವನಿಗೆ ಹೇಳಿ ಮಾಡಿಸಿದ ಹಾಗಿರುತ್ತಿತ್ತು. ಇಲ್ಲಿ ಪರದೆ ಇರಲಿಲ್ಲ. ಒಬ್ಬ ಸತ್ತ ಮುದುಕ ನನ್ನ ಸುಳ್ಳನ್ನು ತನ್ನ ತಲೆಯ ಮೇಲೆ ಹೊರುತ್ತಿದ್ದ, ಅವನ ಮೊಮ್ಮಗ ನನ್ನೆದುರಿಗೆ ಅಳುತ್ತಿದ್ದ.

"ನಿಮ್ಮಜ್ಜ ಅಲ್ಲ ಕರೀಮ. ಸುಳ್ಳು ಹೇಳಿದಾವ ನಾ" ಅಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಬೇವಿನ ಮರ, ನಿದ್ದೆ, ಇಸ್ತ್ರಿ ಶರ್ಟು, ಎಲ್ಲ ಹೇಳಿದೆ.

"ಹಂಗಾದ್ರ ಆ ಹೂ?"

"ಊಟದ ಡಬ್ಬಿ" ಅಂದೆ. "ಯಾವುದೋ ಹುಡುಗಿ ಚೀಲದಾಗಿನ ಡಬ್ಬಿ ಹೊರಗ ಬಿದ್ದಿತ್ತು. ಅದರ ಮುಚ್ಚಳದ ಮ್ಯಾಲಿಂದು. ಬಾಯಿಗೆ ಬಂತು, ಹೇಳಿಬಿಟ್ಟೆ."

ಅಕ್ರಮನಿಗೆ ತಡೆಯಲಾಗಲಿಲ್ಲ. "ಯಾ ಅಲ್ಲಾ! ನಮ್ಮ ಹೊಸ್ತಿಲಕ್ಕ ಡಬ್ಬಿ ಮುಚ್ಚಳಾನ? ನಮ್ಮ ಮಾವನ ಕಿವಿಗೆ ಇಷ್ಟು ವರ್ಷ ಹೂ ಇಟ್ಟೀರಲ್ರಿ ಮಾಸ್ತರ!" ಎಂದು ಬಾಯಿ ಮುಚ್ಚಿಕೊಂಡು ನಕ್ಕ. ಮಾವನ ಮುಖ ನೋಡಿ ನಗು ಅಲ್ಲಿಗೇ ನಿಂತಿತು.

ಕರೀಮಸಾಬ ಕೇಳಿದ್ದು ಒಂದೇ ಮಾತು. "ಕುಬ್ರಾನ ಕಲ್ಲು?"

ಅವನು ಎದ್ದು ಹೊರಗೆ ನಡೆದ.

ಕಾರಿನಲ್ಲಿ ನಾನು ತಪ್ಪಾಯಿತು ಎಂದು ಮೂರು ಸಲ ಹೇಳಿದೆ, ಮೂರು ಸಲವೂ ಕರೀಮಸಾಬ ಕಿಟಕಿಯ ಗಾಜು ಇಳಿಸಿ ಏರಿಸಿದ. ಬೈದಿದ್ದರೆ, ನಾಲ್ಕು ಹೊಡೆದಿದ್ದರೆ ನೆಮ್ಮದಿಯಾಗುತ್ತಿತ್ತು. ಈ ವಯಸ್ಸಿನಲ್ಲಿ ಇವನನ್ನು ಕಳೆದುಕೊಂಡರೆ ಸಂಜೆ ಚಹಾಕ್ಕೆ ಯಾರ ಪಕ್ಕದಲ್ಲಿ ಕೂರಲಿ ಎಂಬ ಚಿಂತೆ ಹತ್ತಿತು. ನೋಡಿ, ಅಂಥ ಹೊತ್ತಿನಲ್ಲೂ ನನಗೆ ನನ್ನ ಚಹಾದ್ದೇ ಚಿಂತೆ.

ಕುರುಗೋಡು ಬಂದಾಗ ತನ್ನ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿ ಒಳಗೆ ಹೋದ. ಉಳಿ, ಸುತ್ತಿಗೆ ಹಿಡಿದು ಬಂದ. "ಖಬರಸ್ತಾನಕ್ಕ ನಡಿ" ಎಂದು ಅಳಿಯನಿಗೆ ಹೇಳಿದ. ಅಲ್ಲಿ ನನ್ನ ಕಡೆಯ ಬಾಗಿಲು ತೆಗೆದು ನಿಂತ.

"ಇಳಿ, ಯರ್ರಿಸ್ವಾಮಿ."

ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ಹಿಡಿದು ಕರೆದಿದ್ದ. ಇಳಿದೆ.

"ಸಾಯೋ ಮುಂದ ಆಕಿ ಬಾಯಿಬಿಟ್ಟು ಕೇಳಿದ್ದು ಇದೊಂದ. ನನ್ನ ಕಲ್ಲಿಗೆ ನಿಮ್ಮಜ್ಜನ ಹೂ ಹಾಕ್ರಿ ಅಂತ. ಅದು ಅಜ್ಜಂದಲ್ಲ ಅಂತ ನಾ ಯಾವ ಬಾಯಿಲೆ ಹೇಳ್ಲಿ? ನೀ ಹೇಳು. ಆಕಿ ಇರ್ಲಿ ಅಂದ್ರ ಇರ್ತೈತಿ. ಬ್ಯಾಡ ಅಂದ್ರ ಇವತ್ತ ಹೆರೆದು ತಗದುಬಿಡ್ತೀನಿ."

ಅವನು ಕಲ್ಲಿನ ಪಕ್ಕ ಕೂತು ಉಳಿಯ ಮೊನೆಯನ್ನು ಹೂವಿನ ಒಂದು ಎಸಳಿನ ಮೇಲಿಟ್ಟ. ಕೈ ನಡುಗುವುದಕ್ಕೆ ಉಳಿ ಕಲ್ಲಿನ ಮೇಲೆ ಕಟಕಟ ಎನ್ನುತ್ತಿತ್ತು. ನಾನು ಚಪ್ಪಲಿ ಬಿಟ್ಟು ಮುಂದೆ ನಿಂತೆ. ಮೂವತ್ತನಾಲ್ಕು ವರ್ಷ ಮಾತಿನಿಂದಲೇ ಹೊಟ್ಟೆ ಹೊರೆದವನು ಕೊನೆಗೆ, "ಭಾಬಿ, ಆ ಹೂ…" ಎಂದು ಗೊಣಗಿದೆ.

"ಜೋರಾಗಿ ಹೇಳು. ಕಡೀಕಡೀಗೆ ಆಕಿಗೆ ಕಿವಿ ಮಂದ ಆಗಿದ್ದವು."

ಕ್ಲಾಸಿನ ದನಿ ತೆಗೆದೆ. "ಭಾಬಿ! ಆ ಹೂ ಅಜ್ಜಂದಲ್ಲ! ಊಟದ ಡಬ್ಬಿ ಮುಚ್ಚಳದ್ದು! ನಾ ಸುಳ್ಳು ಹೇಳೀನಿ! ನಾ ಕೋಟಿ ಹತ್ತಿಲ್ಲ, ಚರ್ಚಿನಾಗ ಹೋಗಿಲ್ಲ, ಚೀಲ ಕಾಯ್ಕೊಂತ ಮಲಗಿದ್ದೆ! ಕರೀಮಂದು ಏನೂ ತಪ್ಪಿಲ್ಲ! ತಪ್ಪು ನಂದು, ತಪ್ಪು ನಂದು ಭಾಬಿ!" ರಸ್ತೆಯಲ್ಲಿ ಮೆಣಸಿನಕಾಯಿ ಹೊಲದಿಂದ ಬರುತ್ತಿದ್ದ ಹೆಂಗಸರು ನಿಂತು ನೋಡಿದರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿನಿಯರು. ನೋಡಲಿ ಎಂದುಕೊಂಡೆ. ನನಗೆ ಅಳು ಬಂದಿತ್ತು, ಅತ್ತೆ.

ಕರೀಮಸಾಬ ಉಳಿ ಎತ್ತಲಿಲ್ಲ, ಸುತ್ತಿಗೆಯನ್ನೂ ಎತ್ತಲಿಲ್ಲ. ಕಲ್ಲಿನ ಕಡೆ ತಲೆ ವಾಲಿಸಿ ಕಿವಿಗೊಟ್ಟ.

"ಏನಂದ್ಲು?" ಎಂದು ಕೇಳಿದ.

"ಏನೂ ಅನ್ನಲಿಲ್ಲ."

"ಏನೂ ಅನ್ನಲಿಲ್ಲೇನು?"

"ಇಲ್ಲಪ್ಪಾ. ಸುಮ್ಮನದಾಳ."

ಅವನು ಉಳಿಯನ್ನು ಕೆಳಗಿಟ್ಟ. "ಒಪ್ಪದ ಮಾತಿಗೆ ಒಂದು ದಿನಾನೂ ಸುಮ್ಮನಿದ್ದಾಕಿ ಅಲ್ಲ ಬಿಡ್ರಿ ಮಾಸ್ತರ" ಅಂದ. ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು ಎಂಟು ಎಸಳುಗಳ ಧೂಳನ್ನು ಒಂದೊಂದಾಗಿ ಒರೆಸತೊಡಗಿದ.